ಮಣ್ಣಿನಲ್ಲಿ ಮದ್ದು ಹುಡುಕಿದ ಎಲಿಜಬೆತ್ ಹೇಝನ್

ಕಳೆದ ಮಳೆಗಾಲದಲ್ಲಿ ನನ್ನ ತೋಳಿನ ಮೇಲೆ ಗಜಕರ್ಣ ಎದ್ದಿತ್ತು. ನಮ್ಮ ಮನೆಯಲ್ಲಿ ಅದನ್ನು ದಾದ್ ಅನ್ನುತ್ತೇವೆ. ತುರಿಕೆ ನಿಂತ ಕೂಡಲೇ ಮುಲಾಮು ಬಿಟ್ಟೆ. ಅದು ಮತ್ತೆ ಬಂತು, ಈ ಸಲ ಅದೇ ಮುಲಾಮಿಗೆ ಬಗ್ಗಲಿಲ್ಲ. ಏಕೆಂದು ಓದುತ್ತಾ ಹೋದಾಗ ಎಲಿಜಬೆತ್ ಲೀ ಹೇಝನ್ ಅವರ ಕಥೆ ಸಿಕ್ಕಿತು.

ಹೇಝನ್ 1885ರಲ್ಲಿ ಅಮೆರಿಕದ ಮಿಸಿಸಿಪಿಯಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ತಂದೆ ತಾಯಿ ತೀರಿಕೊಂಡರು, ಸಂಬಂಧಿಕರು ಸಾಕಿದರು. ಕೆಲಕಾಲ ಶಾಲೆಯಲ್ಲಿ ಪಾಠ ಹೇಳಿ, ಮುಂದೆ ಓದಿ, 1927ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದರು. ಆಗ ಅವರ ವಯಸ್ಸು ನಲವತ್ತು ದಾಟಿತ್ತು.

ಪೆನಿಸಿಲಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತಿತ್ತು, ಶಿಲೀಂಧ್ರಗಳನ್ನಲ್ಲ. ಹೇಝನ್ ನ್ಯೂಯಾರ್ಕ್ ನಗರದ ಸರ್ಕಾರಿ ಪ್ರಯೋಗಾಲಯದಲ್ಲಿ ಊರೂರಿನ ಮಣ್ಣು ಪರೀಕ್ಷಿಸಿದರು. ಅದರಲ್ಲಿ ಶಿಲೀಂಧ್ರ ಕೊಲ್ಲುವ ಸೂಕ್ಷ್ಮಜೀವಿ ಸಿಕ್ಕರೆ, ಗಾಜಿನ ಭರಣಿಯಲ್ಲಿ ಹಾಕಿ ಆಲ್ಬನಿಯಲ್ಲಿದ್ದ ರಸಾಯನಶಾಸ್ತ್ರಜ್ಞೆ ರೇಚಲ್ ಬ್ರೌನ್ ಅವರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಬ್ರೌನ್ ಮದ್ದಿನ ಅಂಶ ಬೇರ್ಪಡಿಸಿ ವಾಪಸು ಕಳಿಸುತ್ತಿದ್ದರು. ಹೆಚ್ಚಿನವು ಇಲಿಗಳಿಗೂ ವಿಷವಾದವು. ಕೊನೆಗೆ ವರ್ಜೀನಿಯಾದ ಸ್ನೇಹಿತರ ಡೈರಿ ಫಾರ್ಮಿನ ಮಣ್ಣು ಕೈಹಿಡಿಯಿತು. 1950ರಲ್ಲಿ ಪ್ರಕಟವಾದ ಆ ಮದ್ದಿಗೆ ನ್ಯೂಯಾರ್ಕ್ ರಾಜ್ಯದ ಹೆಸರಿನಿಂದಲೇ ನಿಸ್ಟಾಟಿನ್ ಎಂದು ಹೆಸರಾಯಿತು.

ಅದು ಬಾಯಿ, ಕರುಳಿನ ಕ್ಯಾಂಡಿಡಾ ಶಿಲೀಂಧ್ರಕ್ಕೆ ಮದ್ದು, ಗಜಕರ್ಣಕ್ಕಲ್ಲ. ಆದರೆ ನನ್ನ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು. ಗಜಕರ್ಣಕ್ಕೆ ಕೊಡುವ ಟರ್ಬಿನಾಫಿನ್ ಶಿಲೀಂಧ್ರದ ಒಂದು ಪ್ರೋಟೀನಿಗೆ ಅಂಟುತ್ತದೆ. ಜೀನ್ ಸ್ವಲ್ಪ ಬದಲಾದರೂ ಪ್ರೋಟೀನಿನ ಆಕಾರ ಬದಲಾಗಿ, ಬೀಗಕ್ಕೆ ಕೀಲಿ ಕೂರದ ಹಾಗೆ ಆಗುತ್ತದೆ. ಕ್ಯಾಂಡಿಡಾದಲ್ಲಿ ಜೀನ್‌ಗಳನ್ನು ನಿಯಂತ್ರಿಸುವ ಪ್ರೋಟೀನ್ ಬದಲಾದರೆ, ಕೆಲವು ಮದ್ದುಗಳನ್ನು ಹೊರಗೆ ತಳ್ಳುವ ಪಂಪುಗಳು ಹೆಚ್ಚುತ್ತವೆ. ನಿಸ್ಟಾಟಿನ್ ಪ್ರೋಟೀನನ್ನು ಹಿಡಿಯುವುದಿಲ್ಲ. ಜೀವಕೋಶದ ಪೊರೆಯಲ್ಲಿರುವ ಎರ್ಗೋಸ್ಟೆರಾಲ್‌ಗೆ ಅಂಟಿ ಪೊರೆಯನ್ನೇ ಕೆಡಿಸುತ್ತದೆ. ಆದ್ದರಿಂದ ಅದಕ್ಕೆ ಪ್ರತಿರೋಧ ಕಡಿಮೆ. ಮದ್ದು ಅರ್ಧಕ್ಕೆ ಬಿಟ್ಟರೆ ಉಳಿದುಕೊಳ್ಳುವುದು ಗಟ್ಟಿ ಶಿಲೀಂಧ್ರಗಳೇ.

ವಾಣಿಜ್ಯ ವಿದ್ಯಾರ್ಥಿಯಾದ ನನ್ನನ್ನು ತಡೆದು ನಿಲ್ಲಿಸಿದ್ದು ಲೆಕ್ಕದ ಮಾತು. ಪೇಟೆಂಟಿನಿಂದ 1.3 ಕೋಟಿ ಡಾಲರಿಗೂ ಹೆಚ್ಚು ರಾಯಧನ ಬಂತು. ಇಬ್ಬರೂ ತಮಗಾಗಿ ಏನೂ ಇಟ್ಟುಕೊಳ್ಳದೆ ಸಂಶೋಧನೆಗೆ ಬಿಟ್ಟುಕೊಟ್ಟರು. ಹೇಝನ್ 1975ರಲ್ಲಿ ತೀರಿಕೊಂಡರು. ಸತ್ತ ಮೇಲೂ ನಿಲ್ಲದ ದಾನವನ್ನು ನಮ್ಮಲ್ಲಿ ಸದ್ಖಾ-ಎ-ಜಾರಿಯಾ ಅನ್ನುತ್ತಾರೆ. ಇದನ್ನು ಓದಿದಾಗ ನನಗೆ ನೆನಪಾದದ್ದು ಆ ಮಾತೇ.

ಈಗ ವೈದ್ಯರು ಹೇಳಿದಷ್ಟು ದಿನವೂ ಮದ್ದು ತೆಗೆದುಕೊಳ್ಳುತ್ತಿದ್ದೇನೆ. ನೀವೂ ಅರ್ಧಕ್ಕೆ ಬಿಡಬೇಡಿ.