ಇಂದಿನ ಧಮ್ಮ ಚಿಂತನೆ: ವೈದ್ಯ ಜೀವಕ



ನಮ್ಮ ಗುಂಪಿನಲ್ಲಿ ಆಸ್ಪತ್ರೆ ಖರ್ಚಿನ ಮಾತು ಎದ್ದಾಗಿನಿಂದ ವಿನಯ ಪಿಟಕದ ಮಹಾವಗ್ಗದಲ್ಲಿರುವ ಜೀವಕನ ಬದುಕನ್ನು ಮತ್ತೆ ಓದುತ್ತಿದ್ದೇನೆ.

ಜೀವಕ ರಾಜಗೃಹದ ಗಣಿಕೆ ಸಾಲವತಿಯ ಮಗ. ಹುಟ್ಟಿದ ಕೂಡಲೇ ಅವನನ್ನು ಹಳೇ ಮೊರದಲ್ಲಿಟ್ಟು ತಿಪ್ಪೆಗೆ ಹಾಕಿಸಿದರು. ಕಾಗೆ ಮುತ್ತಿದ್ದನ್ನು ಕಂಡ ರಾಜಕುಮಾರ ಅಭಯ, ಮಗು ಬದುಕಿದೆಯೇ ಎಂದು ಕೇಳಿದ. ಬದುಕಿದೆ ಎಂಬ ಉತ್ತರವೇ ಹೆಸರಾಯಿತು. ಅರಮನೆಯಲ್ಲಿ ಬೆಳೆದವನು, ಕಸುಬಿಲ್ಲದೆ ಬಾಳುವುದು ಕಷ್ಟವೆಂದು ತಿಳಿದು, ಅಭಯನಿಗೂ ಹೇಳದೆ ತಕ್ಷಶಿಲೆಗೆ ಹೋಗಿ 7 ವರ್ಷ ವೈದ್ಯ ಕಲಿತ.

ಕಲಿಕೆ ಮುಗಿಯುವುದು ಯಾವಾಗ ಎಂದು ಕೇಳಿದಾಗ ಗುರು ಅವನಿಗೆ ಗುದ್ದಲಿ ತೆಗೆದುಕೊಳ್ಳಲು ಹೇಳಿದ. ಊರ ಸುತ್ತ ಒಂದು ಯೋಜನ ತಿರುಗಿ, ಔಷಧವಲ್ಲದ್ದು ಏನು ಕಂಡರೂ ತರಬೇಕು. ಜೀವಕ ಬರಿಗೈಯಲ್ಲಿ ಬಂದ, ಪಾಸಾದ. ಇಪ್ಪತ್ತು ವರ್ಷದಿಂದ ಪರೀಕ್ಷೆ ನಡೆಸುತ್ತಿರುವ ನನಗೆ ಇದಕ್ಕಿಂತ ಒಳ್ಳೆಯ ಪ್ರಾಕ್ಟಿಕಲ್ ಗೊತ್ತಿಲ್ಲ. ಗುರು ದಾರಿಬುತ್ತಿಯನ್ನು ಬೇಕೆಂದೇ ಕಡಿಮೆ ಕೊಟ್ಟನಂತೆ. ನೇರ ಅರಮನೆ ಸೇರಿದರೆ ವಿದ್ಯೆಯ ಬೆಲೆ ತಿಳಿಯದು, ನಡುದಾರಿಯಲ್ಲಿ ಹಸಿದರೆ ತಿಳಿದೀತು ಎಂಬ ಲೆಕ್ಕ ಅವನದು ಎಂದು ಅಟ್ಟಕಥೆ ವಿವರಿಸುತ್ತದೆ.

ಬುತ್ತಿ ಮುಗಿದದ್ದು ಸಾಕೇತದಲ್ಲಿ. ಅಲ್ಲಿನ ಶೆಟ್ಟಿಯ ಹೆಂಡತಿಗೆ 7 ವರ್ಷದ ತಲೆನೋವು. ದೊಡ್ಡ ದೊಡ್ಡ ವೈದ್ಯರು ಚಿನ್ನ ಒಯ್ದಿದ್ದರು, ನೋವು ಹಾಗೆಯೇ ಉಳಿದಿತ್ತು. ಹುಡುಗ ವೈದ್ಯನನ್ನು ಆಕೆ ಒಳಗೆ ಬಿಡಲೊಪ್ಪಲಿಲ್ಲ. ಮುಂಗಡ ಬೇಡ, ವಾಸಿಯಾದ ಮೇಲೆ ತೋಚಿದ್ದು ಕೊಡಿ ಎಂದ ಮೇಲೆ ಒಪ್ಪಿದಳು. ಬೊಗಸೆ ತುಪ್ಪವನ್ನು ಮೂಲಿಕೆ ಹಾಕಿ ಕಾಯಿಸಿ ಮೂಗಿಗೆ ಬಿಟ್ಟ. ತುಪ್ಪ ಬಾಯಿಗೆ ಬಂತು. ಉಗುಳಿದ ತುಪ್ಪವನ್ನು ಆಕೆ ಹತ್ತಿಯಲ್ಲಿ ಎತ್ತಿಡಿಸಿದಳು! ಇಂಥ ಜಿಪುಣಿ ನನಗೇನು ಕೊಟ್ಟಾಳು ಎಂದು ಜೀವಕ ಪೆಚ್ಚಾದ. ಆಳುಗಳ ಕಾಲಿಗೆ ತಿಕ್ಕಲು, ದೀಪಕ್ಕೆ ಹಾಕಲು ಬರುತ್ತದೆ, ನಿನ್ನ ಫೀಜಿಗೇನೂ ಕೊರತೆಯಿಲ್ಲ ಎಂದು ಆಕೆಯೇ ಸಮಾಧಾನ ಹೇಳಿದಳು. ಒಂದೇ ನಸ್ಯಕ್ಕೆ ನೋವು ಹೋಯಿತು. ಮನೆಯವರು ಒಟ್ಟು 16,000 ಕೊಟ್ಟರು. ನಮ್ಮ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಅಜ್ಜಿಯರೂ ತುಪ್ಪವನ್ನು ಹೀಗೆಯೇ ಎತ್ತಿಡುತ್ತಾರೆ.

ಮುಂದೆ ಬಿಂಬಿಸಾರನ ಕಾಯಿಲೆ ಒಂದೇ ಲೇಪನಕ್ಕೆ ವಾಸಿಯಾಗಿ, ಜೀವಕ ಅರಮನೆಗೂ ಬುದ್ಧ ಮತ್ತು ಸಂಘಕ್ಕೂ ವೈದ್ಯನಾದ. ವೈಶಾಲಿಯಲ್ಲಿ ರುಚಿಯೂಟದಿಂದ ಭಿಕ್ಖುಗಳ ಮೈ ಬೆಳೆದು ರೋಗ ಹೆಚ್ಚಿದ್ದನ್ನು ಕಂಡು ಅವನು ಕೇಳಿದ್ದು ಮದ್ದನ್ನಲ್ಲ, ನಡೆದಾಡಲು ಒಂದು ಹಾದಿ ಮತ್ತು ಬೆವರಿಳಿಸುವ ಬಿಸಿಮನೆ. ಬುದ್ಧರು ಎರಡಕ್ಕೂ ಅನುಮತಿಯಿತ್ತರು. ನಮ್ಮ ಬೋರ್‌ವೆಲ್ ನೀರಿನ ಫ್ಲೋರೈಡ್‌ಗೂ ಇದೇ ಲೆಕ್ಕ. ಮೂಳೆ ಬಾಗಿದ ಮೇಲೆ ಯಾವ ಮಾತ್ರೆಯೂ ಅದನ್ನು ಮೊದಲಿನಂತೆ ಮಾಡದು, ಶುದ್ಧ ನೀರಿನ ಘಟಕ ಅದಕ್ಕೂ ಮೊದಲೇ ಬೇಕು. ಜಿಲ್ಲೆಯಲ್ಲಿ ಈಗ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಮುದ್ದೇನಹಳ್ಳಿಯಲ್ಲಿ 2023ರಲ್ಲಿ ಶುಲ್ಕವಿಲ್ಲದ ಕಾಲೇಜೂ ಶುರುವಾಯಿತು. ಅಲ್ಲಿ ಕಲಿಯುವ ಮಕ್ಕಳು ಗೌರಿಬಿದನೂರಿನ ಹಳ್ಳಿಗಳನ್ನೂ ಒಂದು ಯೋಜನ ಸುತ್ತಲಿ ಎಂದು ನನ್ನ ಆಸೆ.

ಜೀವಕನ ಕಥೆಯಲ್ಲಿ ನಾವು ಬೇಗ ದಾಟಿಬಿಡುವ ಭಾಗವೊಂದಿದೆ. ಮಗಧದಲ್ಲಿ ಕುಷ್ಠ, ಕುರು, ಚರ್ಮರೋಗ, ಕ್ಷಯ, ಮೂರ್ಛೆರೋಗ ಹಬ್ಬಿದವು. ಜನ ಜೀವಕನ ಬಳಿ ಬಂದು, ಇದ್ದದ್ದೆಲ್ಲ ಕೊಡುತ್ತೇವೆ, ಆಳಾಗಿಯೂ ಇರುತ್ತೇವೆ ಎಂದು ಬೇಡಿದರು. ರಾಜ, ಅಂತಃಪುರ, ಸಂಘ, ಇಷ್ಟರಲ್ಲೇ ಪುರುಸೊತ್ತಿಲ್ಲ ಎಂದು ಅವನು ಒಪ್ಪಲಿಲ್ಲ. ಒಬ್ಬ ವೈದ್ಯ ಎಷ್ಟು ಜನರನ್ನು ನೋಡಿಯಾನು, ನಿಜ. ಆದರೂ ಅವನನ್ನು ತಿಪ್ಪೆಯಿಂದ ಎತ್ತಿದ್ದರು ಎಂಬುದು ಓದುವಾಗ ನೆನಪಾಗುತ್ತದೆ. ಆ ರೋಗಿಗಳು ತಲೆ ಬೋಳಿಸಿಕೊಂಡು ಭಿಕ್ಖುಗಳಾದರು, ಮದ್ದು ಪಡೆದರು, ವಾಸಿಯಾದ ಮೇಲೆ ಚೀವರ ಬಿಟ್ಟು ಹೋದರು. ಅಂಥವನೊಬ್ಬ ಜೀವಕನ ಕಣ್ಣಿಗೆ ಬಿದ್ದ. ಬೇಸರಗೊಂಡ ಜೀವಕ ಬುದ್ಧರಲ್ಲಿ ಅರಿಕೆ ಮಾಡಿದ. ಈ ಐದು ರೋಗವಿರುವವರಿಗೆ ದೀಕ್ಷೆ ಕೊಡಬಾರದೆಂಬ ನಿಯಮ ಬಂತು.

ಇಂದಿಗೂ ಉಪಸಂಪದೆಯಲ್ಲಿ ಈ ಐದರ ಹೆಸರು ಹೇಳಿ, ನಿನಗೆ ಇದೆಯೇ ಎಂದು ಒಂದೊಂದಾಗಿ ಕೇಳುತ್ತಾರೆ. ಆ ಪ್ರಶ್ನೆಗಳು ಕಿವಿಗೆ ಬಿದ್ದರೆ ನನಗೆ ಜೀವಕನ ಬಾಗಿಲಲ್ಲಿ ನಿಂತು ಬೇಡಿದವರು ಕಾಣುತ್ತಾರೆ.