ಸರ್ ಎಂ. ವಿಶ್ವೇಶ್ವರಯ್ಯನವರು ಮತ್ತು ಜೌಗು ನಿವಾರಣೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳ ರೈತ ಬಾಂಧವರ ಮಾಹಿತಿಗಾಗಿ.

ಭಾರತರತ್ನ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜು ಹಾಗೂ ಪುಣೆಯಲ್ಲಿ ವ್ಯಾಸಂಗ ಮಾಡಿ, ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯ ಸೇವೆಗೆ ಸೇರಿದರು. ಕನ್ನಂಬಾಡಿ ಕಟ್ಟೆಯಿಂದಾಗಿ ಅವರ ಹೆಸರು ಮನೆಮಾತಾಗಿದೆ. ಆದರೆ ಹೊಲಕ್ಕೆ ನೀರು ತಂದವರೆಂದು ಅವರನ್ನು ನೆನೆಯುವ ನಾವು, ಹೆಚ್ಚಾದ ನೀರಿನಿಂದ ಹೊಲವನ್ನು ಕಾಪಾಡಲು ಅವರು ಪಟ್ಟ ಶ್ರಮವನ್ನು ಅಷ್ಟಾಗಿ ಅರಿತಿಲ್ಲ.

ಪುಣೆ ಭಾಗದ ನೀರಾ ಕಾಲುವೆಯ ಪ್ರದೇಶದಲ್ಲಿ ಆಳವಾದ ಎರೆ ಭೂಮಿಯಿದೆ. ಅಲ್ಲಿ ಕಬ್ಬಿಗೆ ಮಿತಿಯಿಲ್ಲದೆ ನೀರು ಹಾಯಿಸಿದ್ದರಿಂದ ಅಂತರ್ಜಲವು ಬೇರಿನ ಮಟ್ಟಕ್ಕೆ ಏರಿ, ಉಪ್ಪು ಮೇಲೆ ಬಂದು, ಭೂಮಿ ಸವಳು-ಜವಳಾಗತೊಡಗಿತು. ಜಿಗುಟು ಮಣ್ಣಿನಲ್ಲಿ ನೀರು ತಾನಾಗಿ ಬಸಿಯುವುದು ಬಹು ನಿಧಾನ. ಇದಕ್ಕಾಗಿ ವಿಶ್ವೇಶ್ವರಯ್ಯನವರು ಬ್ಲಾಕ್ ಪದ್ಧತಿಯನ್ನು ರೂಪಿಸಿದರು. ನೀರು ಚೆನ್ನಾಗಿ ಬಸಿಯುವ ಜಮೀನುಗಳನ್ನು ಆರಿಸಿ, ಬ್ಲಾಕುಗಳಾಗಿ ವಿಂಗಡಿಸಿ, ಹೆಚ್ಚು ನೀರು ಬೇಡುವ ಬೆಳೆಯನ್ನು ಸುಮಾರು ಮೂರನೇ ಒಂದು ಭಾಗಕ್ಕೆ ಸೀಮಿತಗೊಳಿಸಿ, ಉಳಿದುದರಲ್ಲಿ ಕಡಿಮೆ ನೀರಿನ ಬೆಳೆಗಳನ್ನು ಸರದಿಯಂತೆ ಬೆಳೆಯಿಸುವುದು ಇದರ ಕ್ರಮ. ಆರಂಭದಲ್ಲಿ ಬೆಳೆಗಾರರಿಂದ ವಿರೋಧ ಬಂದಿತು. ಬಂದ ನೀರನ್ನು ಬೇಡವೆನ್ನಲು ಯಾರಿಗೆ ತಾನೆ ಮನಸ್ಸಾದೀತು! ಅವರು ರೈತರ ಸಭೆಗಳಲ್ಲಿ ವಿವರಿಸಿ ಒಪ್ಪಿಸಿದರು. ಇದರಿಂದ ಅದೇ ನೀರು ಹೆಚ್ಚು ಗ್ರಾಮಗಳಿಗೂ ದೊರೆಯುವಂತಾಯಿತು.

1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆಗಿ, 1912ರಿಂದ 1918ರವರೆಗೆ ದಿವಾನರಾಗಿ ಸೇವೆ ಸಲ್ಲಿಸಿದರು. ಹೆಬ್ಬಾಳದ ಕೃಷಿ ಶಾಲೆ 1913ರಲ್ಲಿ ಅವರ ಆಡಳಿತದಲ್ಲಿಯೇ ಆರಂಭಗೊಂಡಿತು. ನೂರು ವರ್ಷ ದಾಟಿದ ಅವರು 1962ರ ಏಪ್ರಿಲ್ 14ರಂದು ನಿಧನರಾದರು. ಭದ್ರಾ ಜಲಾಶಯದ ಕಾಮಗಾರಿ ಆಗಿನ್ನೂ ಪೂರ್ಣಗೊಂಡಿರಲಿಲ್ಲ.

ಈಗ ಜೌಗು ಭೂಮಿಯಲ್ಲಿ ಸುಮಾರು ಒಂದು ಮೀಟರ್ ಅಥವಾ ಅದಕ್ಕೂ ಆಳದಲ್ಲಿ, ಸೋಸುವ ಬಟ್ಟೆ ಸುತ್ತಿದ ರಂಧ್ರವುಳ್ಳ ಪಿ.ವಿ.ಸಿ. ಕೊಳವೆಗಳನ್ನು ಹೂಳಿ ನೀರನ್ನು ಬಸಿಗಾಲುವೆಗೆ ಬಿಡಲಾಗುತ್ತದೆ. ಬಸಿಗಾಲುವೆ ಹೂಳು ತುಂಬಿದ್ದರೆ ಕೊಳವೆಯಿಂದ ಪ್ರಯೋಜನವಿರುವುದಿಲ್ಲ. ಒಬ್ಬರ ಹೊಲದ ನೀರು ನೆರೆಯವರ ಹೊಲವನ್ನು ದಾಟಿಯೇ ಹಳ್ಳ ಸೇರಬೇಕಾಗಿರುವುದರಿಂದ, ತುಂಗಾ, ಭದ್ರಾ ಕಾಲುವೆಗಳ ನೀರು ಬಳಸುವ ರೈತರು ಅಕ್ಕಪಕ್ಕದ ಜಮೀನಿನವರೊಡನೆ ಕೂಡಿ ಜಂಟಿಯಾಗಿ ಅರ್ಜಿ ಸಲ್ಲಿಸುವುದು ಸೂಕ್ತ. ನೀರು ಯಾವ ತಿಂಗಳುಗಳಲ್ಲಿ ನಿಲ್ಲುತ್ತದೆ, ಯಾವ ಹಳ್ಳದ ಕಡೆ ಇಳಿಜಾರಿದೆ ಎಂಬುದನ್ನೂ ಅರ್ಜಿಯಲ್ಲಿ ತಿಳಿಸಿದಲ್ಲಿ ಸ್ಥಳ ಪರಿಶೀಲನೆಗೆ ಅನುಕೂಲವಾಗುವುದು. ಭದ್ರಾ ಮೇಲ್ದಂಡೆಯ ನೀರನ್ನು ಎದುರು ನೋಡುತ್ತಿರುವ ಜಗಳೂರಿನ ರೈತರು ಹೊಲಗಾಲುವೆಯ ಜೊತೆಗೇ ಬಸಿಗಾಲುವೆಗೂ ಈಗಲೇ ಜಾಗ ಗುರುತಿಸಿಕೊಳ್ಳಬಹುದು.