ಯುದ್ಧಕ್ಕೆ ಹೊರಟ ಬಾಲಕನಿಗೆ ಸಿಕ್ಕಿದ್ದು ಲೇಖನಿ

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂತೆಂದರೆ ನಮ್ಮ ಮನೆಗಳಲ್ಲಿ ಒಂದೇ ಮಾತು: ಮಗನನ್ನು ಯಾವುದಕ್ಕೆ ಸೇರಿಸೋದು? ನೆರೆಮನೆಯ ಹುಡುಗ ಇಂಜಿನಿಯರಿಂಗ್‌ಗೆ ಹೋದ, ಹಾಗಾದರೆ ಇವನೂ ಹೋಗಲಿ. ಮಾವನ ಮಗ ಗಲ್ಫ್‌ನಲ್ಲಿದ್ದಾನೆ, ಇವನಿಗೂ ಒಂದು ವೀಸಾ ಆಗಲಿ. ಆದರೆ ಈ ಹುಡುಗನಲ್ಲಿ ಅಲ್ಲಾಹನು ಯಾವ ಸಾಮರ್ಥ್ಯ ಇಟ್ಟಿದ್ದಾನೆ ಎಂದು ನೋಡುವವರು ಕಡಿಮೆ. ಇಂತಹ ಹೊತ್ತಿನಲ್ಲಿ ನೆನಪಿಸಿಕೊಳ್ಳಬೇಕಾದ ಜೀವನ ಹಝ್ರತ್ ಝೈದ್ ಬಿನ್ ಸಾಬಿತ್ (ರ) ಅವರದು. ಕುರ್‌ಆನಿನಲ್ಲಿ ಹೆಸರು ಬಂದಿರುವ ಝೈದ್ ಬಿನ್ ಹಾರಿಸ (ರ) ಬೇರೆ, ಇವರು ಬೇರೆ.

ಝೈದ್ ಬಿನ್ ಸಾಬಿತ್ (ರ) ಮದೀನಾದ ಅನ್ಸಾರ್‌ಗಳಲ್ಲಿ ಬನೂ ನಜ್ಜಾರ್ ಮನೆತನದವರು. ಆರು ವರ್ಷದ ಮಗುವಾಗಿದ್ದಾಗಲೇ ತಂದೆ ಬುಆಸ್ ಎಂಬ ಕಾಳಗದಲ್ಲಿ ತೀರಿಹೋದರು. ಯತೀಮ್ ಆಗಿ ಬೆಳೆದರು. ಪ್ರವಾದಿ (ಸ) ಹಿಜ್‌ರಾ ಮಾಡಿ ಮದೀನಾಕ್ಕೆ ಬಂದಾಗ ಅವರ ವಯಸ್ಸು 11. ಅಷ್ಟರಲ್ಲೇ ಹಲವು ಸೂರಾಗಳು ಅವರಿಗೆ ಬಾಯಿಪಾಠವಾಗಿದ್ದವು. ಮನೆತನದವರು ಹುಡುಗನನ್ನು ಪ್ರವಾದಿಯವರ (ಸ) ಬಳಿ ಕರೆದುಕೊಂಡು ಹೋಗಿ ಇದನ್ನು ತಿಳಿಸಿದರು. ಬಾಲಕ ಓದಿದ್ದನ್ನು ಕೇಳಿ ಪ್ರವಾದಿಯವರು (ಸ) ಸಂತೋಷಪಟ್ಟರು.

ಆದರೆ ಆ ವಯಸ್ಸಿನ ಹುಡುಗನ ಮನಸ್ಸು ಎಲ್ಲಿರುತ್ತದೆ? ಊರಿನ ದೊಡ್ಡವರೆಲ್ಲ ಎಲ್ಲಿಗೆ ಹೊರಟಿದ್ದಾರೋ ಅಲ್ಲಿ. ಹಿಜರಿ 2ರಲ್ಲಿ ಬದ್ರ್‌ಗೆ ಸೇನೆ ಹೊರಟಾಗ 13ರ ಝೈದ್ ಕೂಡ ಹೊರಟರು. ವಯಸ್ಸು ಸಾಲದೆಂದು ಪ್ರವಾದಿಯವರು (ಸ) ವಾಪಸ್ ಕಳಿಸಿದರು. ಹಿಂತಿರುಗಿದ ಹುಡುಗನಿಗೆ ಎಷ್ಟು ಬೇಸರ ಆಗಿರಬಹುದು ಎಂದು ನಾವೇ ಯೋಚಿಸಬಹುದು. ಮುಂದೆ ಖಂದಕ್‌ನ ಸಮಯದಲ್ಲಿ ಕಂದಕ ತೋಡಿ ಮಣ್ಣು ಹೊರುವವರ ಜೊತೆ ಅವರಿದ್ದರು. ಒಮ್ಮೆ ದಣಿದು ಅಲ್ಲೇ ನಿದ್ದೆಹೋದಾಗ ಒಬ್ಬರು ತಮಾಷೆಗೆ ಅವರ ಆಯುಧ ತೆಗೆದಿಟ್ಟರಂತೆ. ಎದ್ದು ಹುಡುಗ ಗಾಬರಿಯಾದ. ಹೀಗೆ ಒಬ್ಬರನ್ನು ಹೆದರಿಸಬಾರದು ಎಂದು ಪ್ರವಾದಿಯವರು (ಸ) ತಡೆದರೆಂದು ಚರಿತ್ರೆಯ ಗ್ರಂಥಗಳಲ್ಲಿದೆ.

ಅವರ ಸಾಮರ್ಥ್ಯ ಇದ್ದದ್ದು ತೋಳಿನಲ್ಲಲ್ಲ, ನೆನಪಿನಲ್ಲಿ ಮತ್ತು ಲೇಖನಿಯಲ್ಲಿ. ಅದನ್ನು ಗುರುತಿಸಿದವರು ಪ್ರವಾದಿಯವರೇ (ಸ). ಯಹೂದಿಯರ ಜೊತೆಗಿನ ಪತ್ರ ವ್ಯವಹಾರಕ್ಕೆ ಅವರ ಲಿಪಿ ಬಲ್ಲ ನಂಬಿಕಸ್ಥರು ಬೇಕಾಗಿದ್ದರು. ಅದನ್ನು ಕಲಿಯಲು ಝೈದ್‌ಗೆ ಹೇಳಿದರು. ಅರ್ಧ ತಿಂಗಳು ಕಳೆಯುವಷ್ಟರಲ್ಲಿ ಅವರು ಕಲಿತೇಬಿಟ್ಟರು. ಬಂದ ಪತ್ರ ಓದಿ ಹೇಳುವುದು, ಉತ್ತರ ಬರೆಯುವುದು ಅವರ ಕೆಲಸವಾಯಿತು. ಸುರ್ಯಾನಿ ಭಾಷೆಯನ್ನು 17 ದಿನಗಳಲ್ಲಿ ಕಲಿತರು ಎಂಬ ವರದಿಯೂ ಇದೆ.

ಪ್ರವಾದಿಯವರ (ಸ) ನೆರೆಯಲ್ಲೇ ಅವರ ವಾಸ. ವಹ್ಯ್ ಅವತೀರ್ಣವಾದರೆ ಕರೆ ಬರುತ್ತಿತ್ತು. ಹಲಗೆ, ಶಾಯಿ ಕುಡಿಕೆ, ಒಂಟೆಯ ಭುಜದ ಮೂಳೆ ಹಿಡಿದುಕೊಂಡು ಹೋಗಿ ಬರೆಯುತ್ತಿದ್ದರು. ಸೂರಾ ನಿಸಾದ 95ನೇ ಆಯತ್ ಬರೆಯುವಾಗ ಅಂಧ ಸಹಾಬಿ ಇಬ್ನು ಉಮ್ಮಿ ಮಕ್ತೂಮ್ (ರ) ಬಂದು ತನ್ನ ಅಸಹಾಯಕತೆ ಹೇಳಿಕೊಂಡರು. ಆಗಲೇ ಅಶಕ್ತರಿಗೆ ವಿನಾಯಿತಿ ಕೊಡುವ ಭಾಗ ಅವತೀರ್ಣವಾಯಿತು. ಅದನ್ನು ಬರೆದ ಕೈ ಝೈದ್ ಅವರದು.

ಯೋಗ್ಯತೆ ನೋಡಿ ಕೆಲಸ ಕೊಡುವುದು ಪ್ರವಾದಿಯವರ (ಸ) ರೀತಿ. ಬಾಂಗಿನ ಕನಸು ಕಂಡವರು ಅಬ್ದುಲ್ಲಾ ಬಿನ್ ಝೈದ್ (ರ). ಆದರೆ ಕಂಠ ಇಂಪಾದದ್ದು ಬಿಲಾಲ್ (ರ) ಅವರದು, ಹಾಗಾಗಿ ಬಾಂಗ್ ಕರೆಯುವ ಕೆಲಸ ಬಿಲಾಲ್‌ಗೆ ಸಿಕ್ಕಿತು. ಅಬೂದರ್ರ್ (ರ) ಎಂತಹ ದೊಡ್ಡ ಭಕ್ತರು! ಆದರೂ ಅಧಿಕಾರ ಅವರಿಂದ ಆಗುವ ಕೆಲಸ ಅಲ್ಲವೆಂದು ಪ್ರೀತಿಯಿಂದಲೇ ತಿಳಿಸಿದರು. ಇದರಲ್ಲಿ ಯಾರಿಗೂ ಅವಮಾನ ಆಗಲಿಲ್ಲ.

ಪ್ರವಾದಿಯವರ (ಸ) ವಫಾತ್‌ನ ಬಳಿಕ, ಹಿಜರಿ 12ರ ಹೊತ್ತಿಗೆ ಯಮಾಮ ಯುದ್ಧದಲ್ಲಿ ಕುರ್‌ಆನ್ ಬಾಯಿಪಾಠವಿದ್ದ ಬಹಳ ಮಂದಿ ಶಹೀದರಾದರು. ಕುರ್‌ಆನನ್ನು ಒಂದೆಡೆ ಬರೆದಿಡಬೇಕೆಂದು ಉಮರ್ (ರ) ಸಲಹೆ ಕೊಟ್ಟರು. ಮೊದಲು ಹಿಂಜರಿದ ಖಲೀಫ ಅಬೂಬಕರ್ (ರ) ನಂತರ ಒಪ್ಪಿದರು. ಇಷ್ಟು ದೊಡ್ಡ ಹೊಣೆ ಯಾರಿಗೆ? ಹಿರಿಯ ಸಹಾಬಿಗಳು ಎಷ್ಟೋ ಜನ ಇದ್ದರು. ಕರೆದದ್ದು ಸುಮಾರು 22ರ ಯುವಕ ಝೈದ್‌ರನ್ನು. ಅಬೂಬಕರ್ (ರ) ಕಾರಣವನ್ನೂ ಹೇಳಿದರು: ಇವರು ಯುವಕ, ಬುದ್ಧಿವಂತ, ಯಾರೂ ಬೆರಳು ತೋರಿಸದ ಪ್ರಾಮಾಣಿಕ, ವಹ್ಯ್ ಬರೆದ ಅನುಭವಿ.

ಝೈದ್‌ರಿಗೆ (ರ) ಇದು ಒಂದು ಪರ್ವತವನ್ನು ಜಾಗ ಬದಲಿಸುವುದಕ್ಕಿಂತ ಭಾರ ಎನಿಸಿತು. ಇಲ್ಲಿ ನಾವು ಗಮನಿಸಬೇಕು. ನಮಗೆ ಒಗ್ಗುವ ಕೆಲಸ ಅಂದರೆ ಸುಲಭದ ಕೆಲಸ ಅಂತ ಅಲ್ಲ. ಭಾರ ಇರುತ್ತದೆ, ಭಯವೂ ಇರುತ್ತದೆ. ಆದರೆ ಆ ಭಾರ ಹೊರುವ ಶಕ್ತಿ ನಮ್ಮಲ್ಲಿರುತ್ತದೆ.

ಅವರಿಗೆ ಕುರ್‌ಆನ್ ಬಾಯಿಪಾಠವಿತ್ತು. ಕೂತು ನೆನಪಿನಿಂದ ಬರೆಯಬಹುದಿತ್ತು. ಹಾಗೆ ಮಾಡಲಿಲ್ಲ. ಖರ್ಜೂರದ ಗರಿಯ ದಂಡು, ತೆಳುಕಲ್ಲು, ಚರ್ಮಗಳಲ್ಲಿ ಬರೆದದ್ದನ್ನು ಹುಡುಕಿದರು, ಸಾಕ್ಷಿ ಕೇಳಿದರು, ಬಲ್ಲವರ ನೆನಪಿನೊಂದಿಗೆ ತಾಳೆ ನೋಡಿದರು. ಸೂರಾ ತೌಬಾದ ಕೊನೆಯ ಆಯತ್‌ಗಳು ಬರಹದಲ್ಲಿ ಸಿಗುವವರೆಗೆ ಹುಡುಕಾಟ ನಿಲ್ಲಿಸಲಿಲ್ಲ. ಅವು ಅಬೂ ಖುಝೈಮ (ರ) ಎಂಬ ಅನ್ಸಾರಿಯ ಬಳಿ ಸಿಕ್ಕಿದವು. ಆ ಮುಸ್‌ಹಫ್ ಅಬೂಬಕರ್, ನಂತರ ಉಮರ್, ನಂತರ ಹಫ್ಸ (ರ) ಅವರ ಬಳಿ ಇತ್ತು. ಉಸ್ಮಾನ್ (ರ) ಕಾಲದಲ್ಲಿ ದೂರದ ನಾಡುಗಳಲ್ಲಿ ಓದುವ ರೀತಿಯಲ್ಲಿ ಭಿನ್ನತೆ ಕಂಡಾಗ ಅದರ ಪ್ರತಿಗಳನ್ನು ಬರೆಸಿದರು. ನಾಲ್ವರ ಆ ತಂಡದಲ್ಲಿಯೂ ಝೈದ್ (ರ) ಇದ್ದರು.

ವಾರಸು ಹಂಚಿಕೆಯ ಲೆಕ್ಕದಲ್ಲೂ ಅವರೇ ನಿಪುಣರು. ನಾವು ಬ್ಯಾರಿಗಳು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಈ ವಿಷಯಕ್ಕೆ ಇಮಾಮ್ ಶಾಫಿಈ (ರ) ಹೆಚ್ಚಾಗಿ ಆಧರಿಸಿದ್ದು ಝೈದ್ ಅವರ ಅಭಿಪ್ರಾಯಗಳನ್ನೇ. ನಮ್ಮ ಮನೆಯಲ್ಲಿ ಬಾಪನ ಆಸ್ತಿ ಉಮ್ಮನಿಗೆ, ಅಕ್ಕ ತಂಗಿಯರಿಗೆ ಪಾಲಾಗುವಾಗ ಆ ಲೆಕ್ಕದ ಹಿಂದೆ ಅವರ ವಿದ್ಯೆಯೂ ಇದೆ.

ಹಿಜರಿ 45ರ ಸುಮಾರಿಗೆ ಅವರು ವಫಾತ್ ಆದರು. ದೊಡ್ಡ ವಿದ್ವಾಂಸರಾದ ಇಬ್ನು ಅಬ್ಬಾಸ್ (ರ), ಒಂದು ಕಾಲಕ್ಕೆ ಝೈದ್‌ರ ಸವಾರಿಯ ರಿಕಾಬು ಹಿಡಿದು ಗೌರವ ತೋರಿಸಿದವರು, ಆ ದಿನ ಬಹಳಷ್ಟು ಇಲ್ಮ್ ಮಣ್ಣಾಯಿತೆಂದು ದುಃಖಪಟ್ಟರು. ಮಗ ಖಾರಿಜ ಮುಂದೆ ಮದೀನಾದ ಪ್ರಸಿದ್ಧ ಏಳು ಫಖೀಹ್‌ಗಳಲ್ಲಿ ಒಬ್ಬರಾದರು.

ಬದ್ರ್‌ನಿಂದ ವಾಪಸ್ ಬಂದದ್ದು ಝೈದ್‌ರ ಸೋಲಾಗಲಿಲ್ಲ. ಸೀಟು ಸಿಗದೆ, ವೀಸಾ ಆಗದೆ ಮೂಲೆಯಲ್ಲಿ ಕೂತ ಮಗ ನಮ್ಮ ಮನೆಯಲ್ಲೂ ಇರಬಹುದು. ಅವನನ್ನು ಬಯ್ಯುವ ಮೊದಲು ಸ್ವಲ್ಪ ನೋಡಿ. ಕೆಟ್ಟ ಮಿಕ್ಸಿ ಬಿಚ್ಚಿ ಸರಿ ಮಾಡ್ತಾನಾ? ಅಂಗಡಿಯಲ್ಲಿ ಲೆಕ್ಕ ತಪ್ಪದೆ ಹೇಳ್ತಾನಾ? ಚಿಕ್ಕ ಮಕ್ಕಳಿಗೆ ತಾಳ್ಮೆಯಿಂದ ಪಾಠ ಹೇಳಿಕೊಡ್ತಾನಾ? ಮಗಳ ಕೈಬರಹ, ಹೊಲಿಗೆ, ಭಾಷೆ ಚೆನ್ನಾಗಿದೆಯಾ? ಅದನ್ನು ಕಂಡು ನಾಲ್ಕು ಜನರಿಗೆ ಹೇಳಿ, ಬನೂ ನಜ್ಜಾರ್‌ನವರು ಹೇಳಿದ ಹಾಗೆ. ಕಲಿಯಲು ಒಂದು ಕೆಲಸ ಕೊಡಿ. ಉಳಿದದ್ದಕ್ಕೆ ದುಆ ಮಾಡೋಣ.